ಕಣಕ್ಕಿಳಿಯುವ ಮೊದಲೇ ಮುಗಿಯುವ ಕಾಳಗ

ಮುಷ್ಟಿಯುದ್ಧದ ಜೋಡಿ ಕಟ್ಟುವವರು ಯಾರು?

ರಾತ್ರಿ ಹೋಟೆಲಿನ ಶಟರು ಎಳೆದು, ಮೇಜು ಒರೆಸಿ, ಕುರ್ಚಿಗಳನ್ನು ಮೇಜಿನ ಮೇಲೇರಿಸಿ, ಅಲ್ಲಿಯೇ ಚಾಪೆ ಹಾಸಿಕೊಳ್ಳುವ ನಮ್ಮ ತರುಣರು ನಿದ್ರೆಗೆ ಮುನ್ನ ಅಂಗೈಯಗಲದ ಮೊಬೈಲಿನಲ್ಲಿ ದೇಶವಿದೇಶಗಳ ಪಂದ್ಯಾಟಗಳನ್ನು ನೋಡುವುದು ಈಗಿನ ವಾಡಿಕೆ. ಕಳೆದ ತಿಂಗಳು ಚಂದಾ ಹಣ ಕೊಡಲು ನಮ್ಮ ಕಚೇರಿಗೆ ಬಂದಿದ್ದ ಅಂತಹ ಓರ್ವ ತರುಣರು, ಮಾಟುಂಗದ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿರುವವರು, ರಶೀದಿಗಾಗಿ ಕಾಯುತ್ತಿದ್ದಾಗ ಒಂದು ಪ್ರಶ್ನೆ ಹಾಕಿದರು: “ಅಣ್ಣಾ, ಈ ಬಾಕ್ಸಿಂಗಿನಲ್ಲಿ ಇಬ್ಬರು ಘಟಾನುಘಟಿಗಳಿರುತ್ತಾರೆ. ಇವರಿಬ್ಬರೂ ಹೊಡೆದಾಡಲಿ ಎಂದು ಲೋಕವೆಲ್ಲ ಕೂಗುತ್ತದೆ. ಐದು ವರ್ಷ ಕಳೆದರೂ ಅವರು ಎದುರುಬದುರು ನಿಲ್ಲುವುದಿಲ್ಲ. ಅವರಿಗೆ ಹೆದರಿಕೆಯೋ?”

ಹೆದರಿಕೆ ಇರಲೂಬಹುದು, ಆದರೆ ಅದು ಬಹುಪಾಲು ಕಾದಾಡುವವನ ಹೆದರಿಕೆಯಲ್ಲ, ಕಾದಾಡಿಸುವವನ ಹೆದರಿಕೆ, ಎಂದು ನಾವು ಆಗ ಉತ್ತರವಿತ್ತೆವು. ಉತ್ತರವೇನೋ ಚುಟುಕಾಗಿತ್ತು. ಆದರೆ ಆ ಪ್ರಶ್ನೆಯ ಹಿಂದೆ ದುಡಿಯುವ ಕೈಗೂ ದುಡಿಸಿಕೊಳ್ಳುವ ಕೈಗೂ ನಡುವಣ ಲೆಕ್ಕಾಚಾರದ ದೊಡ್ಡ ಚರಿತ್ರೆಯೇ ಅಡಗಿರುವುದರಿಂದ ಅದನ್ನು ವಾಚಕರ ಮುಂದೆ ಸಾವಕಾಶವಾಗಿ ಬಿಡಿಸಿಡುವುದು ಯುಕ್ತವೆಂದು ನಮಗೆ ತೋರಿತು. ಗಲ್ಲಾದ ಹಿಂದೆ ವರ್ಷಗಟ್ಟಲೆ ಕುಳಿತು ಎದ್ದುಬಂದವರಾದ ನಮಗೆ ಈ ಲೆಕ್ಕಾಚಾರ ಅಪರಿಚಿತವೂ ಅಲ್ಲ.

ವೇಳಾಪಟ್ಟಿ ಇಲ್ಲದ ಆಟ

ಕ್ರಿಕೆಟ್ಟಾಗಲಿ ಕಬಡ್ಡಿಯಾಗಲಿ, ಯಾವ ತಂಡ ಯಾವ ತಂಡವನ್ನು ಯಾವ ದಿನ ಎದುರಿಸಬೇಕೆಂಬ ಪಟ್ಟಿ ಆಟ ಆರಂಭವಾಗುವ ಮೊದಲೇ ಸಿದ್ಧವಾಗಿರುತ್ತದೆ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಎದುರಾಳಿ ಬಲಿಷ್ಠನೆಂದು ಹಿಂದೆ ಸರಿಯುವಂತಿಲ್ಲ. ಹಣಕ್ಕಾಗಿ ಆಡುವ ಮುಷ್ಟಿಯುದ್ಧದಲ್ಲಿ ಇಂತಹ ಪಟ್ಟಿ ಇಲ್ಲ. ಅಲ್ಲಿ ಪ್ರತಿಯೊಂದು ಪಂದ್ಯವೂ ಒಂದು ಪ್ರತ್ಯೇಕ ವ್ಯಾಪಾರ. ಇಬ್ಬರು ಮಲ್ಲರು, ಇಬ್ಬರ ಮ್ಯಾನೇಜರರು, ಒಬ್ಬರೋ ಇಬ್ಬರೋ ಪ್ರಮೋಟರರು, ದೂರದರ್ಶನದ ಕಂಪೆನಿ, ಪಟ್ಟ ಕೊಡುವ ಸಂಸ್ಥೆ, ಇವರೆಲ್ಲರೂ ಒಪ್ಪಿದರೆ ಪಂದ್ಯ. ಒಬ್ಬರು ತಲೆಯಾಡಿಸದಿದ್ದರೂ ಪಂದ್ಯವಿಲ್ಲ.

ಈ ಪಾತ್ರಗಳ ಪರಿಚಯ ಮೊದಲು ಆಗಬೇಕು. ಮ್ಯಾನೇಜರನೆಂದರೆ ಮಲ್ಲನ ಪರವಾಗಿ ಮಾತನಾಡುವ ಕಾರಭಾರಿ. ಯಾರೊಡನೆ, ಯಾವಾಗ, ಎಷ್ಟು ಹಣಕ್ಕೆ ಕಾದಾಡಬೇಕೆಂದು ನಿಶ್ಚಯಿಸುವವನು ಅವನು. ಅದಕ್ಕೆ ಪ್ರತಿಯಾಗಿ ಮಲ್ಲನ ಗಳಿಕೆಯಲ್ಲಿ ಮೂರನೆಯ ಒಂದು ಪಾಲಿನವರೆಗೆ ಪಡೆಯುವುದು ಅಮೆರಿಕದಲ್ಲಿ ಹಳೆಯ ಪದ್ಧತಿ. ಪ್ರಮೋಟರನೆಂದರೆ ಬಂಡವಾಳ ಹೂಡಿ ಜಾಗ ಹಿಡಿದು, ಟಿಕೀಟು ಮಾರಿ, ಪಂದ್ಯ ಏರ್ಪಡಿಸುವ ಗುತ್ತಿಗೆದಾರ. ಮ್ಯಾನೇಜರನ ಧರ್ಮ ಮಲ್ಲನಿಗೆ ಹೆಚ್ಚು ಹಣ ಕೊಡಿಸುವುದು. ಪ್ರಮೋಟರನ ಧರ್ಮ ಕಡಿಮೆ ಹಣದಲ್ಲಿ ಪಂದ್ಯ ಮುಗಿಸುವುದು. ಇವರಿಬ್ಬರೂ ಎದುರುಬದುರು ಕುಳಿತು ಚೌಕಾಶಿ ಮಾಡಿದರೆ ನ್ಯಾಯ. ಇಬ್ಬರೂ ಒಂದೇ ಮನೆಯವರಾದರೆ, ವಾದಿ ಪ್ರತಿವಾದಿಗಳಿಬ್ಬರಿಗೂ ಒಬ್ಬನೇ ವಕೀಲನಾದಂತೆ.

ಹೀಗಾದದ್ದುಂಟು. 1980ರ ದಶಕದಲ್ಲಿ ಭಾರತೂಕದ ಪಟ್ಟ ಧರಿಸಿದ್ದ ಟಿಮ್ ವಿದರ್‌ಸ್ಪೂನ್ ಎಂಬ ಮಲ್ಲನ ಪ್ರಮೋಟರ ಡಾನ್ ಕಿಂಗ್; ಮ್ಯಾನೇಜರನಾದರೋ ಆ ಡಾನ್ ಕಿಂಗನ ಮಲಮಗ ಕಾರ್ಲ್ ಕಿಂಗ್. 1986ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಫ್ರಾಂಕ್ ಬ್ರೂನೋ ಎಂಬವನನ್ನು ಕೆಡವಿ ಪಟ್ಟ ಉಳಿಸಿಕೊಂಡ ವಿದರ್‌ಸ್ಪೂನನ ಕೈಗೆ ಬಂದ ಹಣ, ಸೋತ ಬ್ರೂನೋ ಪಡೆದ ಹಣದ ಮುಂದೆ ತೀರ ಅಲ್ಪವಾಗಿತ್ತು. ಆತ ನ್ಯಾಯಾಲಯದ ಮೆಟ್ಟಲೇರಿದ. ವ್ಯಾಜ್ಯ ಕಡೆಗೆ ಹೊರಗಿನ ರಾಜಿಯಲ್ಲಿ ಮುಗಿಯಿತು.

ಬಲಿಷ್ಠನಿಗೆ ಬಾಗಿಲು ಮುಚ್ಚಿದ ಬಗೆ

ಪಟ್ಟ ಧರಿಸಿದವನ ಮ್ಯಾನೇಜರನಿಗೆ ಎದುರಾಳಿಯನ್ನು ಆರಿಸುವಾಗ ಎರಡೇ ಪ್ರಶ್ನೆಗಳು: ಇವನಿಂದ ಎಷ್ಟು ಹಣ ಬಂದೀತು? ಇವನಿಂದ ಪಟ್ಟಕ್ಕೆ ಎಷ್ಟು ಅಪಾಯ? ಹಣ ಹೆಚ್ಚು, ಅಪಾಯ ಕಡಿಮೆ ಎಂದಾದರೆ ಪಂದ್ಯ ನಾಳೆಯೇ ನಡೆಯುತ್ತದೆ. ಅಪಾಯ ಹೆಚ್ಚು, ಹಣ ಕಡಿಮೆ ಎಂದಾದರೆ ಆ ಎದುರಾಳಿ ಎಷ್ಟೇ ಯೋಗ್ಯನಾಗಿರಲಿ, ಬಾಗಿಲಲ್ಲಿ ಕಾಯುತ್ತ ಮುದುಕನಾಗಬೇಕು.

ಹೀಗೆ ಕಾದವರಲ್ಲಿ ಹ್ಯಾರಿ ವಿಲ್ಸ್ ಒಬ್ಬ. 1920ರ ದಶಕದಲ್ಲಿ ಜಾಕ್ ಡೆಂಪ್ಸೀ ಜಗಜಟ್ಟಿಯಾಗಿದ್ದಾಗ ಆತನ ಪಟ್ಟಕ್ಕೆ ಮೊದಲ ಹಕ್ಕುದಾರನೆಂದು ಎಣಿಸಲ್ಪಟ್ಟಿದ್ದವನು ಈ ಕರಿಯ ಮಲ್ಲ. ಆ ಕಾಲದ ಮಹಾ ಪ್ರಮೋಟರ ಟೆಕ್ಸ್ ರಿಕರ್ಡ್. ಈತನ ಸಾಹಸವನ್ನು ಅಲ್ಲಗಳೆಯುವಂತಿಲ್ಲ. 1921ರ ಜುಲೈ 2ರಂದು ಡೆಂಪ್ಸೀ ಮತ್ತು ಫ್ರಾನ್ಸಿನ ಕಾರ್ಪೆಂಟಿಯೇ ಇವರ ಪಂದ್ಯಕ್ಕಾಗಿ ಜೆರ್ಸಿ ನಗರದಲ್ಲಿ ಮರದ ಕ್ರೀಡಾಂಗಣವನ್ನೇ ಕಟ್ಟಿಸಿ, ಮುಷ್ಟಿಯುದ್ಧದ ಚರಿತ್ರೆಯಲ್ಲಿ ಮೊದಲ ಬಾರಿಗೆ ಟಿಕೀಟಿನಿಂದಲೇ ಹತ್ತು ಲಕ್ಷ ಡಾಲರಿಗೂ ಮೀರಿ ಹಣ ಎತ್ತಿದವನು ಈತ. ಆದರೆ 1910ರಲ್ಲಿ ಕರಿಯ ಮಲ್ಲ ಜಾಕ್ ಜಾನ್ಸನ್ ಬಿಳಿಯ ಜೆಫ್ರೀಸನನ್ನು ಸೋಲಿಸಿದ ಪಂದ್ಯವನ್ನು ಏರ್ಪಡಿಸಿದ್ದವನೂ ಇದೇ ರಿಕರ್ಡ್. ಆ ಸುದ್ದಿ ಹಬ್ಬುತ್ತಲೇ ಅಮೆರಿಕದ ಅನೇಕ ನಗರಗಳಲ್ಲಿ ಜನಾಂಗೀಯ ದೊಂಬಿಯಾಗಿತ್ತು. ಅಂತಹ ಪಟ್ಟದ ಪಂದ್ಯವನ್ನು ಇನ್ನೊಮ್ಮೆ ನಡೆಸಲು ಅವನಿಗೆ ಮನಸ್ಸಿರಲಿಲ್ಲ. ವಿಲ್ಸ್ ಕಾದ. 1925ರಲ್ಲಿ ಕರಾರಿಗೆ ರುಜು ಸಹ ಬಿತ್ತು. ಬರಬೇಕಾದ ಹಣ ಬಾರದೆ ಅದು ಬರಿಯ ಕಾಗದವಾಗಿ ಉಳಿಯಿತು. ವಿಲ್ಸನೊಡನೆ ಕಾದಾಡದ ಹೊರತು ಪರವಾನಗಿ ಕೊಡೆವೆಂದು ನ್ಯೂಯಾರ್ಕಿನ ಕ್ರೀಡಾ ಆಯೋಗ ಹಟ ಹಿಡಿದಾಗ, 1926ರಲ್ಲಿ ಡೆಂಪ್ಸೀಯ ಪಂದ್ಯವನ್ನು ಫಿಲಡೆಲ್ಫಿಯಾ ನಗರಕ್ಕೆ ಒಯ್ದು, ಟನೀ ಎಂಬ ಬಿಳಿಯ ಮಲ್ಲನೊಡನೆ ನಡೆಸಲಾಯಿತು. ವಿಲ್ಸನಿಗೆ ಪಟ್ಟದ ಪಂದ್ಯ ಕಡೆಗೂ ದೊರೆಯಲಿಲ್ಲ.

ಆರ್ಚಿ ಮೂರನ ಕಥೆ ಇದಕ್ಕಿಂತ ಸ್ವಲ್ಪ ಸುಖಾಂತವಾದುದು. ಆದರೆ ಆ ಸುಖದ ಬೆಲೆಯನ್ನು ವಾಚಕರು ಗಮನಿಸಬೇಕು. 1930ರ ದಶಕದ ಮಧ್ಯದಲ್ಲಿ ಹಣದ ಮುಷ್ಟಿಯುದ್ಧಕ್ಕಿಳಿದ ಈ ಮಲ್ಲನಿಗೆ ಪಟ್ಟಕ್ಕಾಗಿ ಕಾದಾಡುವ ಮೊದಲ ಅವಕಾಶ ಬಂದದ್ದು 1952ರ ಡಿಸೆಂಬರ್ 17ರಂದು, ಸೇಂಟ್ ಲೂಯಿ ನಗರದಲ್ಲಿ. ಅಷ್ಟರಲ್ಲಿ ಆತ ನೂರೈವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಮುಗಿಸಿದ್ದ. ವಯಸ್ಸು ಅವನ ಲೆಕ್ಕದಲ್ಲಿ 36, ಅವನ ತಾಯಿಯ ಲೆಕ್ಕದಲ್ಲಿ 39. ಪಟ್ಟ ಧರಿಸಿದ್ದ ಜೋಯಿ ಮ್ಯಾಕ್ಸಿಮನ ಮ್ಯಾನೇಜರ, ಹಿಂದೆ ಡೆಂಪ್ಸೀಯನ್ನೂ ನಡೆಸಿದ್ದ ಜಾಕ್ ಕರ್ನ್ಸ್ ಎಂಬ ಹಳೆಯ ಹುಲಿ. ಮ್ಯಾಕ್ಸಿಮ್ ಗೆಲ್ಲಲಿ, ಸೋಲಲಿ, ಅವನಿಗೆ 1,00,000 ಡಾಲರು ಸಲ್ಲಬೇಕೆಂದು ಕರ್ನ್ಸ್ ಷರತ್ತು ಹಾಕಿದ. ಮೂರ್ ಒಪ್ಪಿದ. ಹದಿನೈದು ಸುತ್ತು ಕಾದಾಡಿ, ನಿರ್ಣಾಯಕರ ತೀರ್ಪಿನಲ್ಲಿ ಗೆದ್ದು, ಜಗಜಟ್ಟಿಯಾದ ಮೂರನಿಗೆ ಆ ರಾತ್ರಿ ಉಳಿದದ್ದು 800 ಡಾಲರು! ಅಷ್ಟೇ ಅಲ್ಲ, ಪಟ್ಟ ಕಳೆದುಕೊಂಡ ಮಲ್ಲನ ಮ್ಯಾನೇಜರ ಕರ್ನ್ಸ್ ಪಟ್ಟ ಗೆದ್ದ ಮಲ್ಲನ ವ್ಯವಹಾರದಲ್ಲಿಯೂ ಪಾಲುಗಾರನಾದ. 1953 ಮತ್ತು 1954ರಲ್ಲಿ ಮೂರ್ ಅದೇ ಮ್ಯಾಕ್ಸಿಮನನ್ನು ಇನ್ನೆರಡು ಬಾರಿ ಎದುರಿಸಿ ಗೆದ್ದ. ಕಣದಲ್ಲಿ ಒಬ್ಬ ಸೋತ, ಒಬ್ಬ ಗೆದ್ದ. ಕಣದ ಹೊರಗಿದ್ದ ಕರ್ನ್ಸನಿಗೆ ಮಾತ್ರ ಸೋಲೆಂಬುದೇ ಇರಲಿಲ್ಲ.

ಮುಂದಿನ ಪಂದ್ಯದ ಮೇಲಣ ಹಕ್ಕು

ಪ್ರಮೋಟರರ ಬತ್ತಳಿಕೆಯಲ್ಲಿರುವ ಅತ್ಯಂತ ತೀಕ್ಷ್ಣವಾದ ಬಾಣ ಕರಾರು ಪತ್ರದ ಒಂದು ಕಲಮು. ‘ನಿನಗೆ ಪಟ್ಟದ ಪಂದ್ಯ ಕೊಡುತ್ತೇನೆ, ನೀನು ಗೆದ್ದರೆ ಮುಂದಿನ ಇಷ್ಟು ಪಂದ್ಯಗಳನ್ನು ನನ್ನ ಮೂಲಕವೇ ಆಡತಕ್ಕದ್ದು’ ಎಂಬುದೇ ಅದರ ಸಾರ. ಆಪ್ಷನ್ ಎಂದು ಅದಕ್ಕೆ ಹೆಸರು. ಬಾಗಿಲ ಬಳಿ ಕಾದು ಸೋತವನಿಗೆ ರುಜು ಹಾಕದೆ ಬೇರೆ ದಾರಿಯಿಲ್ಲ. ರುಜು ಬಿದ್ದ ಮೇಲೆ ಹಳೆಯ ಮಲ್ಲ ಗೆದ್ದರೂ ಪ್ರಮೋಟರನಿಗೆ ಲಾಭ, ಹೊಸ ಮಲ್ಲ ಗೆದ್ದರೂ ಅವನಿಗೇ ಲಾಭ. ಆಮೇಲೆ ಆ ಪಟ್ಟಕ್ಕೆ ಯಾರು ಎದುರಾಳಿ ಎಂಬುದನ್ನೂ ಅವನೇ ನಿರ್ಧರಿಸುತ್ತಾನೆ. ಆ ಎದುರಾಳಿಯೂ ಅದೇ ಕಲಮಿಗೆ ರುಜು ಹಾಕಬೇಕು. ಸರಪಳಿ ಹೀಗೆ ಬೆಳೆಯುತ್ತದೆ.

1964ರ ಫೆಬ್ರವರಿ 25ರಂದು ಮಯಾಮಿಯಲ್ಲಿ ಸನೀ ಲಿಸ್ಟನನನ್ನು ಮಣಿಸಿ, ಮುಂದೆ ಮಹಮ್ಮದ್ ಅಲಿ ಎಂದು ಲೋಕಪ್ರಸಿದ್ಧನಾದ ಕ್ಯಾಶಿಯಸ್ ಕ್ಲೇಯ ಹೆಸರು ಕೇಳದವರಿಲ್ಲ. ಆ ತರುಣ ಗೆದ್ದರೆ ಅವನ ಮುಂದಿನ ಪಂದ್ಯವನ್ನು ಏರ್ಪಡಿಸುವ ಹಕ್ಕನ್ನು, ಪಂದ್ಯಕ್ಕೆ ಮೊದಲೇ, 50,000 ಡಾಲರಿಗೆ ಒಂದು ಕಂಪೆನಿ ಕೊಂಡಿತ್ತೆಂಬುದು ತರುವಾಯ ಬಯಲಾಯಿತು. ಆ ಕಂಪೆನಿಯಲ್ಲಿ ಸ್ವತಃ ಲಿಸ್ಟನನಿಗೆ ಪಾಲಿತ್ತು! ಅಂದರೆ ಸೋತವನಿಗೆ ಗೆದ್ದವನ ಮುಂದಿನ ಗಳಿಕೆಯಲ್ಲಿ ಭಾಗ. ಮರುವರ್ಷ ಅವರಿಬ್ಬರ ನಡುವೆಯೇ ಪುನಃ ಪಂದ್ಯ ನಡೆಯಿತು.

ಒಂದೇ ಕಂಪೆನಿಯ ಮುಷ್ಟಿಯಲ್ಲಿ

ಈ ಕಲಮಿನ ಬಲದಿಂದ ಒಂದು ದೇಶದ ಮುಷ್ಟಿಯುದ್ಧವೆಲ್ಲ ಒಂದೇ ಕಚೇರಿಯ ವಶವಾದ ಕಾಲವೂ ಉಂಟು. 1949ರಲ್ಲಿ ಮಹಾಮಲ್ಲ ಜೋ ಲೂಯಿ ಪಟ್ಟ ತ್ಯಜಿಸಿ ನಿವೃತ್ತನಾಗುವಾಗ, ತನ್ನ ನಂತರ ಪಟ್ಟಕ್ಕೆ ಹಕ್ಕುದಾರರಾದ ನಾಲ್ವರಿಂದ ಏಕಸ್ವಾಮ್ಯದ ಕರಾರುಗಳನ್ನು ಬರೆಯಿಸಿಕೊಂಡು, ಜೇಮ್ಸ್ ನಾರಿಸ್ ಮತ್ತು ಆರ್ಥರ್ ವಿರ್ಟ್ಸ್ ಎಂಬ ಧನಿಕರಿಗೆ ಮಾರಿದ. ಷಿಕಾಗೋ, ಡೆಟ್ರಾಯಿಟ್, ಸೇಂಟ್ ಲೂಯಿ ನಗರಗಳ ದೊಡ್ಡ ಕ್ರೀಡಾಂಗಣಗಳು ಅವರ ಕೈಯಲ್ಲಿ ಆಗಲೇ ಇದ್ದವು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಪಂದ್ಯಗಳೂ ಅವರ ವಶಕ್ಕೆ ಬಂದವು. ಅವರು ಸ್ಥಾಪಿಸಿದ್ದೇ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್. ಬುಧವಾರ ಮತ್ತು ಶುಕ್ರವಾರಗಳಂದು ದೂರದರ್ಶನದಲ್ಲಿ ಬರುತ್ತಿದ್ದ ಪಂದ್ಯಗಳೂ ಇವರವೇ. ಅಂದಿನ ಕೆಲವು ವರ್ಷ ಅಮೆರಿಕದಲ್ಲಿ ನಡೆದ ಪಟ್ಟದ ಪಂದ್ಯಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚಿನವು ಈ ಒಂದು ಕಂಪೆನಿಯವು. ಪಟ್ಟ ಬೇಕಾದವನು ಅವರ ಮನೆಗೇ ಹೋಗಬೇಕು; ಹೋದವನು ಹೊರಗೆ ಬರುವಂತಿಲ್ಲ.

ಆ ಮನೆಯ ಹಿತ್ತಿಲ ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದ. ಫ್ರಾಂಕಿ ಕಾರ್ಬೋ ಎಂಬ ಪಾತಕಿ. ಮ್ಯಾನೇಜರನೆಂಬ ಪರವಾನಗಿ ಅವನಿಗಿರಲಿಲ್ಲ; ಆದರೆ ಹಲವು ಮ್ಯಾನೇಜರರು ಅವನ ಮಾತಿನಂತೆ ಕುಣಿಯುತ್ತಿದ್ದರು. ಯಾವ ಮಲ್ಲ ಯಾವ ಮಲ್ಲನನ್ನು ಎದುರಿಸಬೇಕೆಂಬುದಕ್ಕೆ ಅವನ ಅಪ್ಪಣೆ ಬೇಕಾಗಿತ್ತು.

ಈ ಹೊಲಸು ಹೊರಬಿದ್ದದ್ದು 1960ರಲ್ಲಿ ಸೆನೆಟರ್ ಎಸ್ಟಸ್ ಕೆಫಾವರ್ ನಡೆಸತೊಡಗಿದ ವಿಚಾರಣೆಯಿಂದ. ಮಾಜಿ ಜಗಜಟ್ಟಿ ಜೇಕ್ ಲಮಾಟ ಸಾಕ್ಷಿ ನುಡಿದ. ತಾನು 1947ರಲ್ಲಿ ಬಿಲ್ಲಿ ಫಾಕ್ಸ್ ಎಂಬವನಿಗೆ ಬೇಕೆಂದೇ ಸೋತದ್ದು, ಪಟ್ಟದ ಪಂದ್ಯ ದೊರೆಯಲೆಂಬ ಆಸೆಯಿಂದ. ಅದು ಸಾಲದೆ 20,000 ಡಾಲರನ್ನೂ ಕೊಡಬೇಕಾಯಿತು, ಎಂದು ಒಪ್ಪಿಕೊಂಡ. 1949ರಲ್ಲಿ ಆತನಿಗೆ ಪಟ್ಟದ ಪಂದ್ಯ ಸಿಕ್ಕಿತು, ಗೆದ್ದ. ಗೆಲ್ಲಬಲ್ಲವನು ಗೆಲ್ಲುವ ಅವಕಾಶಕ್ಕಾಗಿ ಮೊದಲು ಸೋಲಬೇಕು, ಮೇಲೆ ಹಣವನ್ನೂ ತೆರಬೇಕು ಎಂದರೆ, ಅದನ್ನು ಆಟವೆನ್ನುವುದು ಹೇಗೆ?

ಐಕ್ ವಿಲಿಯಮ್ಸ್ ಎಂಬ ಲಘುತೂಕದ ಜಗಜಟ್ಟಿಯ ಸಾಕ್ಷ್ಯ ನಮ್ಮ ಮನಸ್ಸನ್ನು ಇನ್ನೂ ಹೆಚ್ಚು ಕಲಕಿತು. ಆತ ತನ್ನ ಮ್ಯಾನೇಜರನನ್ನು ಬಿಟ್ಟು ಸ್ವತಂತ್ರನಾಗಲು ಹೊರಟಾಗ, ಮ್ಯಾನೇಜರರ ಸಂಘದವರು ಒಂದಾಗಿ ಅವನಿಗೆ ಪಂದ್ಯವೇ ಸಿಗದಂತೆ ಮಾಡಿದರು. ಪಟ್ಟವಿದ್ದೂ ಕೆಲಸವಿಲ್ಲ! ಆಗ ಬ್ಲಿಂಕಿ ಪಲೇರ್ಮೋ ಎಂಬ ಕಾರ್ಬೋನ ಸಂಗಡಿಗ ಬಂದು, ತನ್ನನ್ನು ಮ್ಯಾನೇಜರನನ್ನಾಗಿ ಮಾಡಿಕೊಂಡರೆ ಎಲ್ಲ ಸರಿಪಡಿಸುವೆನೆಂದ. ಪಂದ್ಯಗಳು ಬಂದವು. ಆದರೆ 1948ರ ಎರಡು ಪಂದ್ಯಗಳಲ್ಲಿ ತಲಾ 30,000 ಡಾಲರಿಗೂ ಮೀರಿದ ತನ್ನ ಸಂಭಾವನೆಯಲ್ಲಿ ಒಂದು ಕಾಸೂ ಕೈಸೇರಲಿಲ್ಲ, ಮೇಲಾಗಿ ಕಾಣದ ಆ ಹಣಕ್ಕೆ ತೆರಿಗೆಯನ್ನೂ ಕಟ್ಟಬೇಕಾಯಿತು ಎಂದು ಆತ ಹೇಳಿದ.

ನ್ಯಾಯಾಲಯ ಸುಮ್ಮನಿರಲಿಲ್ಲ. ನಾರಿಸನ ಕಂಪೆನಿ ಕಾನೂನುಬಾಹಿರ ಏಕಸ್ವಾಮ್ಯವೆಂದೂ ಅದನ್ನು ವಿಸರ್ಜಿಸತಕ್ಕದ್ದೆಂದೂ 1957ರಲ್ಲಿ ಆದ ತೀರ್ಪನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1959ರ ಜನವರಿಯಲ್ಲಿ ಎತ್ತಿಹಿಡಿಯಿತು. ಡಾನ್ ಜಾರ್ಡನ್ ಎಂಬ ಜಗಜಟ್ಟಿಯ ಗಳಿಕೆಯಲ್ಲಿ ಪಾಲು ಬೇಕೆಂದು ಬೆದರಿಸಿದ ಮೊಕದ್ದಮೆಯಲ್ಲಿ ಕಾರ್ಬೋನಿಗೆ 1961ರಲ್ಲಿ 25 ವರ್ಷಗಳ ಸೆರೆಮನೆಯಾಯಿತು.

ಒಳ್ಳೆಯ ಉದ್ದೇಶದ ಮ್ಯಾನೇಜರರೂ ಪಂದ್ಯಗಳನ್ನು ತಡೆಯಬಲ್ಲರೆಂಬುದನ್ನೂ ಇಲ್ಲಿ ಹೇಳಬೇಕು. ನಾರಿಸನ ಕಂಪೆನಿಯೊಡನೆ ವ್ಯವಹರಿಸೆನೆಂದು ಪಟ್ಟು ಹಿಡಿದವನು ಜಗಜಟ್ಟಿ ಫ್ಲಾಯ್ಡ್ ಪ್ಯಾಟರ್ಸನನ ಮ್ಯಾನೇಜರ ಕಸ್ ಡಮಾಟೋ. ಶ್ಲಾಘ್ಯವೇ. ಆದರೆ ಆ ಹಟದ ಫಲವಾಗಿ ಪ್ಯಾಟರ್ಸನನಿಗೆ ತಕ್ಕ ಎದುರಾಳಿಗಳು ಸಿಗದಾದರು. 1957ರಲ್ಲಿ ಅವನ ಪಟ್ಟಕ್ಕೆ ಎದುರಾಗಿ ನಿಂತದ್ದು ಒಲಿಂಪಿಕ್ ಪದಕ ಗೆದ್ದಿದ್ದರೂ ಹಣದ ಮುಷ್ಟಿಯುದ್ಧದಲ್ಲಿ ಅಂದೇ ಮೊದಲ ಪಂದ್ಯ ಆಡುತ್ತಿದ್ದ ಪೀಟ್ ರೇಡ್‌ಮಾಕರ್! ಭಯಂಕರನಾದ ಲಿಸ್ಟನ್ ಮಾತ್ರ ಹೊರಗೇ ಉಳಿದ. ಕಡೆಗೆ ಮ್ಯಾನೇಜರನ ಮಾತನ್ನು ಮೀರಿ ಪ್ಯಾಟರ್ಸನ್ ತಾನೇ ಆ ಪಂದ್ಯಕ್ಕೆ ಒಪ್ಪಿದ. 1962ರ ಸೆಪ್ಟೆಂಬರಿನಲ್ಲಿ ಮೊದಲ ಸುತ್ತಿನಲ್ಲಿಯೇ ನೆಲಕ್ಕುರುಳಿದ. ಮ್ಯಾನೇಜರನ ಲೆಕ್ಕ ತಪ್ಪಾಗಿರಲಿಲ್ಲ. ಆದರೂ ಬೀಳುವ ಹಕ್ಕೂ ಏಳುವ ಹಕ್ಕೂ ಮಲ್ಲನದೇ ಅಲ್ಲವೇ?

ಇತ್ತೀಚಿನ ಪರಿಸ್ಥಿತಿ

ಪಾತಕಿಗಳ ಕಾಲ ಮುಗಿದ ಮೇಲೆಯೂ ಚೌಕಾಶಿಯ ಕಾಲ ಮುಗಿಯಲಿಲ್ಲ. ಈಗ ಲೋಕಪಟ್ಟ ಕೊಡುವ ಮುಖ್ಯ ಸಂಸ್ಥೆಗಳೇ ನಾಲ್ಕು. ಒಂದೇ ತೂಕದಲ್ಲಿ ನಾಲ್ವರು ಜಗಜಟ್ಟಿಗಳಿರಬಹುದಾದ್ದರಿಂದ, ಒಬ್ಬರನ್ನೊಬ್ಬರು ಎದುರಿಸದೆಯೇ ನಾಲ್ವರೂ ಪಟ್ಟ ಧರಿಸಿ ಸುಖವಾಗಿರಲು ಸಾಧ್ಯ. ಪಟ್ಟ ಧರಿಸಿದವನು ಗೊತ್ತಾದ ಅವಧಿಯೊಳಗೆ ಮೊದಲ ಹಕ್ಕುದಾರನನ್ನು ಎದುರಿಸಬೇಕೆಂಬ ನಿಯಮವೇನೋ ಇದೆ. ಎರಡೂ ಪಕ್ಷಗಳ ಮಾತುಕತೆ ಮುರಿದರೆ ಸಂಸ್ಥೆಯವರು ಟೆಂಡರು ಕರೆದು, ಹೆಚ್ಚು ಹಣ ಕೂಗಿದ ಪ್ರಮೋಟರನಿಗೆ ಪಂದ್ಯ ಒಪ್ಪಿಸುತ್ತಾರೆ. ಆದರೆ ಈ ಸಂಸ್ಥೆಗಳಿಗೂ ಪ್ರತಿ ಪಟ್ಟದ ಪಂದ್ಯದಿಂದ ಶುಲ್ಕ ಸಲ್ಲುವುದರಿಂದ, ಹೆಚ್ಚು ಹಣ ತರುವ ಮಲ್ಲನ ಮೇಲೆ ಅವುಗಳ ಕಟ್ಟುನಿಟ್ಟು ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮ ಕಾಲದ ದೊಡ್ಡ ಉದಾಹರಣೆ ಫ್ಲಾಯ್ಡ್ ಮೇವೆದರ್ ಮತ್ತು ಫಿಲಿಪೈನ್ಸಿನ ಮ್ಯಾನಿ ಪಕ್ಯಾವೊ ಇವರದು. 2009ರಲ್ಲಿಯೇ ಮಾತುಕತೆ ಆರಂಭವಾಯಿತು. ರಕ್ತಪರೀಕ್ಷೆಯ ವಿಷಯದಲ್ಲಿ ಮುರಿಯಿತು. ಪಕ್ಯಾವೊನ ಪ್ರಮೋಟರ ಬಾಬ್ ಆರಮ್. ಮೇವೆದರನಾದರೋ ಅದೇ ಆರಮನ ಕರಾರಿನಿಂದ 2006ರಲ್ಲಿ ಹಣ ತೆತ್ತು ಬಿಡಿಸಿಕೊಂಡು ಬಂದವನು. ಹಳೆಯ ವೈಷಮ್ಯ ಅಡ್ಡ ಬಂತು. ಇಬ್ಬರನ್ನೂ ತೋರಿಸುತ್ತಿದ್ದ ದೂರದರ್ಶನ ಕಂಪೆನಿಗಳು ಪರಸ್ಪರ ಪ್ರತಿಸ್ಪರ್ಧಿಗಳು. ಅದೂ ಅಡ್ಡ ಬಂತು. ಕಡೆಗೆ 2015ರ ಮೇ 2ರಂದು ಲಾಸ್ ವೇಗಾಸಿನಲ್ಲಿ ಪಂದ್ಯ ನಡೆದಾಗ ಮೇವೆದರನಿಗೆ 38, ಪಕ್ಯಾವೊನಿಗೆ 36. ದುಡ್ಡು ಕೊಟ್ಟು ದೂರದರ್ಶನದಲ್ಲಿ ನೋಡಿದ ಅಮೆರಿಕದ ಮನೆಗಳು 40 ಲಕ್ಷಕ್ಕೂ ಮೀರಿದ್ದವು. ಹಣದ ಹೊಳೆ ಹರಿಯಿತು. ಆದರೆ ಆರು ವರ್ಷ ಮೊದಲು ನಡೆಯಬೇಕಾಗಿದ್ದ ಕಾಳಗವದಲ್ಲ ಎಂಬ ನಿರಾಸೆ ನೋಡಿದವರ ಪಾಲಿಗೆ ಉಳಿಯಿತು.

ಹಾಗೆಯೇ, ಭಾರತೂಕದ ನಾಲ್ಕೂ ಪಟ್ಟಗಳು ಒಬ್ಬನ ತಲೆಗೆ ಬಂದದ್ದು 2024ರ ಮೇ 18ರಂದು, ಯುಕ್ರೇನಿನ ಉಸಿಕ್ ಇಂಗ್ಲೆಂಡಿನ ಫ್ಯೂರಿಯನ್ನು ಸೋಲಿಸಿದಾಗ. ಅದು ನಡೆದ ಸ್ಥಳ ಸೌದಿ ಅರೇಬಿಯಾದ ರಿಯಾಧ್. ವರ್ಷಗಟ್ಟಲೆ ಕೂಡದಿದ್ದ ಪ್ರಮೋಟರರನ್ನು ಅಲ್ಲಿಯ ಹಣ ಒಂದೇ ಮೇಜಿಗೆ ತಂದಿತು.

ಭಾರತಕ್ಕೂ ಈ ವ್ಯವಹಾರ ಬಂದಿದೆ. ಒಲಿಂಪಿಕ್ ಕಂಚು ಗೆದ್ದ ವಿಜೇಂದರ್ ಸಿಂಗರು 2015ರಲ್ಲಿ ಇಂಗ್ಲೆಂಡಿನ ಪ್ರಮೋಟರರೊಡನೆ ಕರಾರು ಮಾಡಿಕೊಂಡು ಹಣದ ಮುಷ್ಟಿಯುದ್ಧಕ್ಕಿಳಿದರು. 2017ರ ಆಗಸ್ಟ್ 5ರಂದು ನಮ್ಮ ಮುಂಬಯಿಯ ವರಳಿಯಲ್ಲಿಯೇ ಚೀನದ ಮಲ್ಲನೊಬ್ಬನನ್ನು ಸೋಲಿಸಿದರು. ನಾಳೆ ನಮ್ಮ ಊರಿನ ಹುಡುಗನೊಬ್ಬ ಕೈಗವಸು ತೊಟ್ಟರೆ ಅವನ ಮುಂದೆಯೂ ಇಂತಹ ಕರಾರು ಪತ್ರ ಬಂದೇ ಬರುತ್ತದೆ.

ಕಾಯಿದೆಯೂ ಕಾಗದವೂ

ಅಮೆರಿಕ 2000ದಲ್ಲಿ ಮಹಮ್ಮದ್ ಅಲಿಯ ಹೆಸರಿನಲ್ಲಿ ಒಂದು ಕಾಯಿದೆ ಮಾಡಿತು. ಪಟ್ಟದ ದೊಡ್ಡ ಪಂದ್ಯಗಳಲ್ಲಿ ಮ್ಯಾನೇಜರನಿಗೂ ಪ್ರಮೋಟರನಿಗೂ ಒಬ್ಬರ ವ್ಯವಹಾರದಲ್ಲಿ ಇನ್ನೊಬ್ಬರಿಗೆ ಪಾಲಿರಬಾರದು. ಒಂದು ಪಂದ್ಯ ಕೊಡುವುದಕ್ಕೆ ಪ್ರತಿಯಾಗಿ ಬರೆಯಿಸಿಕೊಳ್ಳುವ ಮುಂದಿನ ಪಂದ್ಯಗಳ ಹಕ್ಕು 12 ತಿಂಗಳನ್ನು ಮೀರಬಾರದು. ನಿಯಮದಂತೆ ನಡೆಯಲೇಬೇಕಾದ ಹಕ್ಕುದಾರನ ಪಂದ್ಯಕ್ಕೆ ಅಂತಹ ಹಕ್ಕನ್ನು ಕೇಳಲೇಬಾರದು. ಪಂದ್ಯದಿಂದ ತನಗೆಷ್ಟು ಬಂತೆಂಬುದನ್ನು ಪ್ರಮೋಟರ ಮಲ್ಲನಿಗೆ ತಿಳಿಸಬೇಕು, ಇತ್ಯಾದಿ ನಿಯಮಗಳು ಅದರಲ್ಲಿವೆ. ಕೊನೆಯದು ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು. ಒಟ್ಟು ಗಲ್ಲಾ ಎಷ್ಟಾಯಿತೆಂದು ತಿಳಿಯದವನು ತನ್ನ ಪಾಲು ನ್ಯಾಯವೋ ಅನ್ಯಾಯವೋ ಎಂದು ಹೇಗೆ ತಾನೇ ತಿಳಿದಾನು?

ಪ್ರಮೋಟರರ ಪರವಾಗಿಯೂ ಒಂದು ಮಾತು. ಜಾಗದ ಬಾಡಿಗೆ, ಮುಂಗಡ, ಜಾಹೀರಾತು, ಇವುಗಳ ಭಾರ ಹೊತ್ತವನು ಅವನು. ಟಿಕೀಟು ಮಾರಾಟವಾಗದಿದ್ದರೆ ಮುಳುಗುವವನೂ ಅವನೇ. ಬೆಳಿಗ್ಗೆ ಹಾಲಿನವನಿಗೂ ತಿಂಗಳಿಗೆ ಜಾಗದವನಿಗೂ ಹಣ ಎಣಿಸಿದ ನಮಗೆ ಆ ಭಾರ ಗೊತ್ತು. ಬಂಡವಾಳ ಹೂಡಿದವನು ಲಾಭ ಪಡೆಯುವುದು ತಪ್ಪಲ್ಲ; ದುಡಿಯುವವನ ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿ ಲಾಭ ಪಡೆಯುವುದು ತಪ್ಪು.

ನಮ್ಮದೇ ಅನುಭವ ಹೇಳುತ್ತೇವೆ. ಮೊದಲ ಬಾರಿ ಹೋಟೆಲೊಂದನ್ನು ಕಂಡಕ್ಟಿಂಗ್ ಮೇಲೆ ಹಿಡಿದಾಗ, ಮಧ್ಯಸ್ಥನೊಬ್ಬ ತಂದಿಟ್ಟ ಆರು ಪುಟಗಳ ಇಂಗ್ಲಿಷ್ ಕಾಗದಕ್ಕೆ ನಾವು ಸಂತೋಷದಿಂದ ರುಜು ಹಾಕಿದೆವು. ಎಸ್.ಎಸ್.ಎಲ್.ಸಿ. ಮುಗಿಸಿದ್ದರೂ ಓದಲಿಲ್ಲ, ಓದಿದರೆ ಅವನಿಗೆ ಬೇಸರವಾದೀತೆಂಬ ಸಂಕೋಚ. ಹನ್ನೊಂದು ತಿಂಗಳು ಕಳೆದು ಕರಾರು ನವೀಕರಿಸುವಾಗ ತಿಳಿಯಿತು: ಪ್ರತಿ ನವೀಕರಣಕ್ಕೂ, ಅಷ್ಟೇ ಅಲ್ಲ, ಐದು ವರ್ಷಗಳೊಳಗೆ ನಾವು ಹಿಡಿಯುವ ಇನ್ನಾವುದೇ ಹೋಟೆಲಿಗೂ, ಎರಡು ತಿಂಗಳ ಬಾಡಿಗೆಯಷ್ಟು ಹಣ ಆತನಿಗೆ ಸಲ್ಲಬೇಕು. ಎರಡನೆಯ ಹೋಟೆಲಿಗೆಂದು ಕೂಡಿಟ್ಟಿದ್ದ ಹಣ ಹೀಗೆ ಕರಗಿತು. ಆರ್ಚಿ ಮೂರನ 800 ಡಾಲರಿನ ಕಥೆ ಓದಿದಾಗ ನಮಗೆ ನಗು ಬರಲಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನ ಅರ್ಧಸತ್ಯವಾದೀತು. ಐಕ್ ವಿಲಿಯಮ್ಸನಿಗೆ ಮ್ಯಾನೇಜರರು ಒಂದಾಗಿ ಮಾಡಿದ್ದನ್ನು ನಾವೂ ಒಮ್ಮೆ ಮಾಡಿದ್ದೇವೆ. ನಮ್ಮಲ್ಲಿ ದೋಸೆ ಹುಯ್ಯುತ್ತಿದ್ದ ಓರ್ವರು ಹೆಚ್ಚು ಸಂಬಳಕ್ಕಾಗಿ ಬೇರೆಡೆ ಹೊರಟಾಗ, ನಾವು ಸಿಟ್ಟಿನಿಂದ ಆ ಹೋಟೆಲಿನವರಿಗೂ ಸುತ್ತಲಿನ ಇನ್ನಿಬ್ಬರಿಗೂ ಫೋನು ಮಾಡಿದೆವು. ಎಲ್ಲರೂ ಹೂಂಗುಟ್ಟಿದರು. ಎರಡು ತಿಂಗಳು ಕೆಲಸವಿಲ್ಲದೆ ಅಲೆದು ಆತ ಊರಿನ ಬಸ್ಸು ಹತ್ತಿದರು. ಆ ಕೈಯ ಗುಣ ಊರವರೆಲ್ಲ ಮೆಚ್ಚಿದ್ದು. ಆದರೆ ಅವರು ಎಲ್ಲಿ ದೋಸೆ ಹುಯ್ಯಬೇಕೆಂಬುದನ್ನು ತೀರ್ಮಾನಿಸಿದವರು ಗಲ್ಲಾದ ಹಿಂದೆ ಕುಳಿತ ನಾವು. ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ಬಾಕಿ ಇಂದಿಗೂ ತೀರಿಲ್ಲ.

ಆದುದರಿಂದ, ಪ್ರಶ್ನೆ ಕೇಳಿದ ಆ ತರುಣರಿಗೂ ಅವರಂತಹ ಎಲ್ಲ ವಾಚಕರಿಗೂ ನಮ್ಮ ವಿನಂತಿ ಇಷ್ಟೇ. ಇನ್ನು ಮುಂದೆ ಇಬ್ಬರು ಮಲ್ಲರ ಕಾಳಗ ನೋಡುವಾಗ, ಅವರ ಹಿಂದೆ ಕುಳಿತವರು ಯಾರು, ಯಾರ ಕರಾರಿನಲ್ಲಿ ಯಾರಿದ್ದಾರೆ ಎಂಬುದನ್ನೂ ವಿಚಾರಿಸಿರಿ. ಕಾಣದ ಕಾಳಗ ಕಾಣತೊಡಗುತ್ತದೆ. ನಿಮ್ಮ ಮುಂದೆ ಯಾರಾದರೂ ಕಾಗದ ಇಟ್ಟರೆ, ಅದು ಕೆಲಸದ್ದಾಗಲಿ, ಸಾಲದ್ದಾಗಲಿ, ಜಾಗದ್ದಾಗಲಿ, ರುಜು ಹಾಕುವ ಮೊದಲು ಒಂದು ರಾತ್ರಿ ತಡೆಯಿರಿ. ನಿಮಗೆ ಓದಲು ಬಾರದ ಭಾಷೆಯಲ್ಲಿದ್ದರೆ ಓದಬಲ್ಲವರ ಬಳಿ ಒಯ್ಯಿರಿ. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರ ಪರಂಪರೆ ಈ ಮುಂಬಯಿ ಕನ್ನಡಿಗರದು. ಓದಿ ರುಜು ಹಾಕುವುದರಲ್ಲಿ ಸಂಕೋಚವೇಕೆ?

ಓದಿ ಹೇಳುವವರು ಯಾರೂ ಇಲ್ಲವೆಂದಾದರೆ, ಸಂಜೆ ಆರರ ನಂತರ ನಮ್ಮ ಕಚೇರಿಗೆ ಬನ್ನಿರಿ. ಚಂದಾದಾರರೇ ಆಗಿರಬೇಕೆಂದಿಲ್ಲ.